ಹರಿಗೋಲಿನಲ್ಲಿ ಮೀನುಗಾರಿಕೆ: ಹೊಸದಾಗಿ ತೊಡಗುವವರಿಗೆ

ಜಲಾಶಯಗಳ ಹಿನ್ನೀರಿನ ಅಂಚಿನಲ್ಲಿ ಜಮೀನುಳ್ಳ ರೈತರಿಗೆ ಬಿಡುವಿನ ದಿನಗಳಲ್ಲಿ ಎದುರಿಗೇ ಇರುವ ನೀರಿನಿಂದ ನಾಲ್ಕು ಕಾಸು ಸಂಪಾದಿಸುವ ಯೋಚನೆ ಬರುವುದು ಸಹಜ. ಒಂದು ಹರಿಗೋಲು, ಒಂದು ಹುಟ್ಟು ಮತ್ತು ಒಂದಿಷ್ಟು ಬಲೆ ಇದ್ದರೆ ಮೀನು ಹಿಡಿಯಬಹುದೆಂದು ಹಲವರು ಭಾವಿಸುತ್ತಾರೆ. ಈ ಭಾವನೆ ಅರ್ಧ ಮಾತ್ರ ಸರಿ. ಹರಿಗೋಲನ್ನು ಸಂತೆಯಲ್ಲಿ ಕೊಳ್ಳಬಹುದು, ಬಲೆಯನ್ನು ಅಂಗಡಿಯಿಂದ ತರಬಹುದು. ಆದರೆ ನೀರಿನ ಆಳ, ಗಾಳಿಯ ದಿಕ್ಕು, ಮೀನಿನ ಜಾಡು ಇವುಗಳನ್ನು ಬಲ್ಲ ಜೊತೆಗಾರ ಎಲ್ಲಿಯೂ ಮಾರಾಟಕ್ಕೆ ಸಿಗುವುದಿಲ್ಲ. ಒಬ್ಬಂಟಿಯಾಗಿ ನೀರಿಗಿಳಿದ ಹೊಸಬನಿಗೆ ಮೀನು ಕಡಿಮೆ, ಬೆಲೆ ಕಡಿಮೆ, ಅಪಾಯ ಮಾತ್ರ ಹೆಚ್ಚು. ಆದುದರಿಂದ ಈ ಉಪಕಸುಬಿಗೆ ಇಳಿಯುವವರು ಮೊದಲು ಜೊತೆಗಾರರನ್ನು ಸಂಪಾದಿಸಿ, ಆಮೇಲೆ ಸಲಕರಣೆಗಳಿಗೆ ಹಣ ಹಾಕುವುದು ಲೇಸು.

ಹರಿಗೋಲಿನ ಗುಣ

ಹರಿಗೋಲು ಬಹಳ ಹಳೆಯ ವಾಹನ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಅವುಗಳ ಹೊರಮೈಗೆ ಚರ್ಮ ಹೊದಿಸಿತ್ತೆಂದೂ, 15-20 ಜನರನ್ನು ಹೊರುತ್ತಿದ್ದುವೆಂದೂ, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದುವೆಂದೂ ಬರೆದಿದ್ದಾನೆ. ಇಂದು ಚರ್ಮದ ಬದಲು ಟಾರ್ಪಾಲು ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರ್ ಗ್ಲಾಸ್ ಹರಿಗೋಲುಗಳೂ ಬಳಕೆಗೆ ಬಂದಿವೆ. ಆದರೆ ಪಾಯಸ್ ಕಂಡ ಸುತ್ತುವ ಗುಣ ಹಾಗೆಯೇ ಉಳಿದಿದೆ.

ಇದಕ್ಕೆ ಕಾರಣ ಸರಳ. ಹರಿಗೋಲಿಗೆ ಮೂತಿಯಿಲ್ಲ, ತಳದಲ್ಲಿ ನೀರನ್ನು ಸೀಳುವ ಏಣೂ ಇಲ್ಲ. ದುಂಡಗಿನ ಚಪ್ಪಟೆ ತಳ ನೀರಿನ ಮೇಲೆ ತಟ್ಟೆಯಂತೆ ಕೂರುತ್ತದೆ. ಇದರಿಂದ ಎರಡು ಅನುಕೂಲಗಳುಂಟು. ಮೊಣಕಾಲುದ್ದದ ನೀರಿನಲ್ಲಿಯೂ ಅದು ತೇಲುತ್ತದೆ. ಒಬ್ಬನೇ ಮನುಷ್ಯ ಅದನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತರಬಲ್ಲ. ಅನನುಕೂಲಗಳೂ ಎರಡು. ಬೀಸುವ ಗಾಳಿ ಅದನ್ನು ಸುಲಭವಾಗಿ ತಳ್ಳಿಕೊಂಡು ಹೋಗುತ್ತದೆ. ಭಾರವೆಲ್ಲ ಒಂದು ಅಂಚಿಗೆ ಬಿದ್ದರೆ ಆ ಅಂಚು ಮುಳುಗಿ ನೀರು ಒಳನುಗ್ಗುತ್ತದೆ.

ಈಚಿನ ವರ್ಷಗಳಲ್ಲಿ ಕಾಳಿ ನದಿಯ ದಾಂಡೇಲಿ, ಗಣೇಶಗುಡಿ ಮುಂತಾದ ಕಡೆ ಪ್ರವಾಸಿಗರು ಕಯಾಕ್ ಎಂಬ ಕಿರಿದಾದ ಉದ್ದ ದೋಣಿ ಬಳಸುತ್ತಿದ್ದಾರೆ. ಉತ್ತರ ಧ್ರುವದ ಬಳಿಯ ಇನುಯಿಟ್ ಜನರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿ ಇದರ ಮೂಲ. ಇದನ್ನು ಗಾಳ ಹಾಕಲು ಬಳಸುವ ಹವ್ಯಾಸಿಗಳೂ ಇದ್ದಾರೆ. ಕಯಾಕ್ ನೇರವಾಗಿಯೂ ವೇಗವಾಗಿಯೂ ಸಾಗುತ್ತದೆ. ಆದರೆ ಪಕ್ಕಕ್ಕೆ ವಾಲಿದರೆ ಮಗುಚುತ್ತದೆ. ಬಲೆ ಎಳೆಯಲು ಹರಿಗೋಲೇ ಹೆಚ್ಚು ಅನುಕೂಲ. ಎರಡಕ್ಕೂ ಮುಂದೆ ಹೇಳುವ ಎಚ್ಚರಿಕೆಗಳು ಒಂದೇ.

ಜೊತೆಗಾರರನ್ನು ಹುಡುಕುವ ಬಗೆ

ಜೊತೆಗಾರರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಳಗಿನ ಜಾವ ಮೀನು ಇಳಿಸುವ ದಡಕ್ಕೆ ಹೋದರೆ ಸಾಕು. ಬೆಸ್ತರು, ಅಂಬಿಗರು, ಗಂಗಾಮತಸ್ಥರು ತಲೆತಲಾಂತರದಿಂದ ಈ ಕಸುಬು ಮಾಡಿಕೊಂಡು ಬಂದವರು. ಜಲಾಶಯದ ಕೆಳಗೆ ಮುಳುಗಿರುವ ಹಳೆಯ ಹೊಳೆಯ ಪಾತ್ರ ಎಲ್ಲಿ ತಿರುಗುತ್ತದೆ, ಮುಳುಗಿದ ಮರಗಳ ಬೊಡ್ಡೆ ಎಲ್ಲಿದೆ, ಯಾವ ತಿಂಗಳಲ್ಲಿ ಯಾವ ಮೀನು ಯಾವ ಕೊರಕಲಿಗೆ ಬರುತ್ತದೆ ಎಂಬುದು ಅವರಿಗೆ ಗೊತ್ತು. ಹೊಸಬರು ಮೊದಲ ಕೆಲವು ವಾರ ಹರಿಗೋಲು ಕೊಳ್ಳದೆ, ಇಂಥ ಒಬ್ಬ ಅನುಭವಿಯ ಹರಿಗೋಲಿನಲ್ಲಿ ಎರಡನೆಯ ಆಳಾಗಿ ಹೋಗಬೇಕು. ಬಲೆ ಬಿಡಿಸುವುದು, ಮೀನು ಬಿಡಿಸಿಕೊಳ್ಳುವುದು, ನೀರು ಎತ್ತಿ ಹೊರಚೆಲ್ಲುವುದು ಮುಂತಾದ ಚಿಕ್ಕ ಕೆಲಸಗಳಲ್ಲಿಯೇ ದೊಡ್ಡ ಪಾಠಗಳಿವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಜಮೀನುಳ್ಳ ರೈತನಿಗೆ ಮೀನು ಉಪಕಸುಬು. ಮೀನುಗಾರ ಕುಟುಂಬಕ್ಕೆ ಅದೇ ಊಟ. ಹೊಸಬ ತನ್ನಷ್ಟಕ್ಕೆ ಬಂದು ಹಳಬರು ಬಲೆ ಬಿಡುವ ಜಾಗದಲ್ಲಿಯೇ ಬಲೆ ಬಿಟ್ಟರೆ ಜಗಳ ಖಂಡಿತ. ಅದೇ ಹೊಸಬ ಅವರ ಜೊತೆಗೂಡಿ ಬಂದರೆ ಇಬ್ಬರಿಗೂ ಲಾಭ. ರೈತನ ಬಳಿ ಗಾಡಿ ಇರಬಹುದು, ಪೇಟೆಯ ಪರಿಚಯ ಇರಬಹುದು, ಬಲೆಗೆ ಹಾಕಲು ಸ್ವಲ್ಪ ಹಣವೂ ಇರಬಹುದು. ಮೀನುಗಾರನ ಬಳಿ ವಿದ್ಯೆ ಇದೆ. ಹರಿಗೋಲಿನ ಪಾಲೆಷ್ಟು, ಬಲೆಯ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಎಂಬುದನ್ನು ನೀರಿಗೆ ಇಳಿಯುವ ಮುನ್ನವೇ ಬಾಯಿಬಿಟ್ಟು ಮಾತಾಡಿ ನಿಶ್ಚಯಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ ಮೀನುಗಾರರ ಸಹಕಾರ ಸಂಘ. ಒಬ್ಬೊಬ್ಬರೇ ಮಾರುವ ಮೀನುಗಾರರು ದಲ್ಲಾಳಿಯ ಮುಂಗಡಕ್ಕೆ ಸಿಕ್ಕಿಬೀಳುವುದು ಎಲ್ಲ ಕಡೆಯೂ ಕಂಡುಬರುವ ತೊಂದರೆ. ಬಲೆಗೆಂದು ಸಾಲ ಪಡೆದವನು ಹಿಡಿದ ಮೀನನ್ನೆಲ್ಲ ಆತ ಹೇಳಿದ ಬೆಲೆಗೇ ಕೊಡಬೇಕಾಗುತ್ತದೆ. ಸಂಘವಿದ್ದಲ್ಲಿ ಒಟ್ಟಿಗೆ ತೂಗಿ, ಒಟ್ಟಿಗೆ ಮಾರಿ, ಮಂಜುಗಡ್ಡೆಯನ್ನೂ ಒಟ್ಟಿಗೆ ತರಿಸಬಹುದು. ಸಂಘದ ಸದಸ್ಯತ್ವಕ್ಕೆ ಅರ್ಹತೆ ಇದೆಯೇ ಎಂಬುದನ್ನು ಕಾರ್ಯದರ್ಶಿಯಿಂದ ಮೊದಲೇ ತಿಳಿಯಬೇಕು. ಅರ್ಹತೆ ಇಲ್ಲದವರು ಸದಸ್ಯರೊಬ್ಬರ ಪಾಲುಗಾರರಾಗಿ ದುಡಿಯುವ ವಿಚಾರವನ್ನು ಸಂಘಕ್ಕೆ ತಿಳಿಸಿ, ಅದರ ಒಪ್ಪಿಗೆ ಪಡೆದೇ ಮುಂದುವರಿಯಬೇಕು.

ಪರವಾನಗಿ ಮತ್ತು ಕಾನೂನು

ಜಲಾಶಯದ ಮೀನು ಯಾರಪ್ಪನದೂ ಅಲ್ಲ ಎಂಬ ಮಾತು ತಪ್ಪು. ಒಳನಾಡು ಮೀನುಗಾರಿಕೆಗೆ ಸಂಬಂಧಿಸಿದಂತೆ 1996ರ ಕರ್ನಾಟಕ ಕಾಯಿದೆ ಇದೆ. ಬಹುಪಾಲು ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಹಲವು ಕೆರೆಗಳನ್ನು ಸಂಘಗಳಿಗೆ ಅಥವಾ ವ್ಯಕ್ತಿಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಅಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಗಾಳ ಹಾಕುವುದೂ ತಪ್ಪಾಗುತ್ತದೆ. ವನ್ಯಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ ಅರಣ್ಯ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ. ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಒಮ್ಮೆ ಹೋಗಿ, ಯಾವ ನೀರು ಯಾರ ಅಧೀನದಲ್ಲಿದೆ, ಬಲೆಯ ಕಣ್ಣಿನ ಕನಿಷ್ಠ ಅಳತೆ ಎಷ್ಟು, ನಿಷೇಧದ ದಿನಗಳು ಯಾವುವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದುಕೊಂಡು ಬರಬೇಕು.

ನಿಷೇಧದ ದಿನಗಳಿಗೆ ಬಲವಾದ ಕಾರಣವಿದೆ. ಕಾಟ್ಲಾ, ರೋಹು, ಮೃಗಾಲ ಮೀನುಗಳು ಮುಂಗಾರಿನ ಹೊಸ ನೀರು ಬಂದಾಗ ಹೊಳೆಯ ಮೇಲ್ಭಾಗಕ್ಕೆ ಏರಿ ಮೊಟ್ಟೆಯಿಡುತ್ತವೆ. ಆ ಸಮಯದಲ್ಲಿ ಹಿಡಿದ ಒಂದು ಹೆಣ್ಣು ಮೀನು ಲಕ್ಷಾಂತರ ಮೊಟ್ಟೆಗಳ ನಷ್ಟ. ಬಿತ್ತನೆಯ ಬೀಜವನ್ನು ಬೇಯಿಸಿ ತಿಂದ ರೈತನಿಗೂ ಮಳೆಗಾಲದಲ್ಲಿ ಗಬ್ಬದ ಮೀನು ಹಿಡಿದವನಿಗೂ ವ್ಯತ್ಯಾಸವಿಲ್ಲ. ಸಿಡಿಮದ್ದು, ವಿಷ, ವಿದ್ಯುತ್ ಬಳಸಿ ಮೀನು ಹಿಡಿಯುವುದು ಅಪರಾಧ; ಮರಿಯಿಂದ ಹಿಡಿದು ಎಲ್ಲವನ್ನೂ ಅದು ಕೊಲ್ಲುತ್ತದೆ, ಕೆಲವೊಮ್ಮೆ ಹಿಡಿಯಹೋದವನನ್ನೂ.

ಹರಿಗೋಲು ಕೊಳ್ಳುವಾಗ

ಇಬ್ಬರು ಕುಳಿತು ಬಲೆ ಬಿಡಲು 6 ರಿಂದ 7 ಅಡಿ ಅಡ್ಡಗಲದ ಹರಿಗೋಲು ಸಾಕು. ಬಿದಿರಿನ ಹರಿಗೋಲಾದರೆ ದೆಬ್ಬೆಗಳ ಹೆಣಿಗೆ ಒತ್ತಾಗಿದೆಯೇ, ಅಂಚಿನ ಬಳೆ ಗಟ್ಟಿಯಾಗಿದೆಯೇ, ಹುಳು ಹಿಡಿದ ಪುಡಿ ಉದುರುತ್ತಿದೆಯೇ ನೋಡಬೇಕು. ಹೊದಿಕೆಯ ಮಡಿಕೆಗಳಲ್ಲಿ ಬಿರುಕಿದ್ದರೆ ಅಲ್ಲಿ ಡಾಂಬರು ಮತ್ತು ಬಟ್ಟೆಯ ತೇಪೆ ಹಾಕಿಸಬೇಕು. ಕೆಲಸ ಮುಗಿದ ಮೇಲೆ ಹರಿಗೋಲನ್ನು ನೀರಿನಲ್ಲಿಯೇ ಬಿಡದೆ, ದಡಕ್ಕೆ ತಂದು ಬೋರಲು ಹಾಕಿ ಒಣಗಿಸಿದರೆ ಹೆಚ್ಚು ಕಾಲ ಬಾಳುತ್ತದೆ.

ಹರಿಗೋಲಿನ ಜೊತೆಗೆ ಇರಲೇಬೇಕಾದ ವಸ್ತುಗಳು ಇವು: ಆಳಿಗೊಂದರಂತೆ ಜೀವರಕ್ಷಕ ಜಾಕೆಟ್, ಒಂದು ಹೆಚ್ಚುವರಿ ಹುಟ್ಟು, ನೀರು ಎತ್ತಿಹಾಕಲು ಡಬ್ಬಿ, 10-15 ಮೀಟರ್ ಹಗ್ಗ, ಹರಿತವಾದ ಚೂರಿ, ಸೀಟಿ, ಟಾರ್ಚು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಮೊಬೈಲ್ ಫೋನು. ಹಿಂದೆ ಈಜು ಕಲಿಯುವವರು ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಅದೇ ತತ್ತ್ವದಲ್ಲಿ ಬಿಗಿಯಾಗಿ ಮುಚ್ಚಳ ಹಾಕಿದ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಹರಿಗೋಲಿನ ಒಳ ಅಂಚಿಗೆ ಎದುರುಬದುರಾಗಿ ಕಟ್ಟಿದರೆ, ನೀರು ತುಂಬಿದಾಗ ತೇಲಲು ನೆರವಾಗುತ್ತದೆ. ಆದರೆ ಕ್ಯಾನು ಜಾಕೆಟ್ಟಿಗೆ ಬದಲಿಯಲ್ಲ. ಈಜು ಬರುವವರೂ ಜಾಕೆಟ್ ತೊಡಬೇಕು. ಬಲೆ ಕಾಲಿಗೆ ಸುತ್ತಿಕೊಂಡಾಗ ಈಜು ಉಪಯೋಗಕ್ಕೆ ಬಾರದು.

ಹುಟ್ಟು ಹಾಕುವ ಅಭ್ಯಾಸ

ಅಭ್ಯಾಸವನ್ನು ಸೊಂಟದ ಮಟ್ಟದ ನಿಂತ ನೀರಿನಲ್ಲಿ, ಗಾಳಿಯಿಲ್ಲದ ಬೆಳಗಿನ ಹೊತ್ತು ಆರಂಭಿಸಬೇಕು. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ತಳದಲ್ಲಿ ಮಂಡಿಯೂರಿ ಅಥವಾ ಕುಕ್ಕರುಗಾಲಿನಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಪಕ್ಕದಲ್ಲಿ ಹಾಕಿದರೆ ಹರಿಗೋಲು ಗಿರಗಿರನೆ ಸುತ್ತುತ್ತದೆ. ಹುಟ್ಟನ್ನು ನೀರಿನಿಂದ ಪೂರ್ತಿ ಎತ್ತದೆ, ಎಡಕ್ಕೂ ಬಲಕ್ಕೂ ಕನ್ನಡದ 8ರ ಅಂಕೆಯಂತಲ್ಲ, ಇಂಗ್ಲಿಷಿನ 8ರಂತೆ ತಿರುವುತ್ತ ಎಳೆಯುವುದನ್ನು ಅನುಭವಿಗಳಿಂದ ನೋಡಿಯೇ ಕಲಿಯಬೇಕು. ಜೊತೆಗಾರ ಎದುರು ಬದಿಯಲ್ಲಿ ಕೂರಬೇಕು. ಬಲೆ ಎಳೆಯುವವನು ಒಂದು ಅಂಚಿಗೆ ವಾಲಿದಾಗ ಇನ್ನೊಬ್ಬ ಎದುರು ಅಂಚಿಗೆ ಸರಿಯುವುದು ಈ ಕೆಲಸದ ಮೊದಲ ನಿಯಮ. ತಕ್ಕಡಿಯ ಎರಡು ತಟ್ಟೆಗಳಂತೆ ಇಬ್ಬರೂ ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು. ಎದ್ದು ನಿಲ್ಲಬಾರದು.

ಗಾಳವೋ ಬಲೆಯೋ

ಹೊಸಬರಿಗೆ ಗಾಳವೇ ಒಳ್ಳೆಯ ಆರಂಭ. ಖರ್ಚು ಕಡಿಮೆ, ಹರಿದುಹೋಗುವ ಭಯವಿಲ್ಲ. ಗೆಂಡೆ ಮೀನುಗಳಿಗೆ ಎರೆಹುಳು ಅಥವಾ ಹಿಟ್ಟಿನ ಉಂಡೆ, ಬಾಳೆ ಮತ್ತು ಕೊರವ ಮೀನುಗಳಿಗೆ ಸಣ್ಣ ಮೀನು ಸಾಮಾನ್ಯವಾಗಿ ಬಳಸುವ ಎರೆ. ಒಂದೇ ಉದ್ದ ಹಗ್ಗಕ್ಕೆ ಹಲವು ಗಾಳಗಳನ್ನು ಕಟ್ಟಿ ಸಂಜೆ ಬಿಟ್ಟು ಬೆಳಿಗ್ಗೆ ಎತ್ತುವ ಕ್ರಮವೂ ಇದೆ.

ಜಲಾಶಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಿವಿರು ಬಲೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಭಾರದ ಗುಂಡು ಕಟ್ಟಿದ ಈ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ತಲೆ ತೂರಿಸಿದ ಮೀನು ಹಿಂದಕ್ಕೆ ಬರಲಾಗದೆ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ. ಕಣ್ಣು ಎಷ್ಟು ದೊಡ್ಡದೋ ಸಿಗುವ ಮೀನೂ ಅಷ್ಟು ದೊಡ್ಡದು. ಒಂದು ಕಣ್ಣಿನ ಎದುರುಬದುರು ಗಂಟುಗಳನ್ನು ಹಿಡಿದು ಎಳೆದಾಗ ಅವುಗಳ ನಡುವಿನ ಉದ್ದವೇ ಕಣ್ಣಿನ ಅಳತೆ. ಸಣ್ಣ ಕಣ್ಣಿನ ಬಲೆಯಲ್ಲಿ ಇಂದು ಬುಟ್ಟಿ ತುಂಬಿದಂತೆ ಕಂಡರೂ ಅದು ಮುಂದಿನ ವರ್ಷದ ಫಸಲು. ಕೈಬೆರಳಷ್ಟು ಉದ್ದದ ಕಾಟ್ಲಾ ಮರಿ ಮಾರಿದರೆ ಏನೂ ಹುಟ್ಟದು. ಒಂದು ವರ್ಷ ಬಿಟ್ಟರೆ ಅದೇ ಮರಿ ಕಿಲೋಗಟ್ಟಲೆ ತೂಗಬಲ್ಲದು.

ಬಲೆ ಬಿಟ್ಟ ಜಾಗಕ್ಕೆ ಗುರುತಿನ ಬೆಂಡು ಕಟ್ಟಬೇಕು. ಕಳೆದುಹೋದ ನೈಲಾನ್ ಬಲೆ ಕೊಳೆಯುವುದಿಲ್ಲ. ತಿಂಗಳುಗಟ್ಟಲೆ ಮೀನು, ಆಮೆ, ನೀರುನಾಯಿಗಳನ್ನು ವ್ಯರ್ಥವಾಗಿ ಕೊಲ್ಲುತ್ತಿರುತ್ತದೆ. ಬಲೆಯ ಹಗ್ಗವನ್ನು ಎಂದಿಗೂ ಸೊಂಟಕ್ಕೆ ಕಟ್ಟಿಕೊಳ್ಳಬಾರದು, ಮುಂಗೈಗೆ ಸುತ್ತಿಕೊಳ್ಳಬಾರದು.

ಗಾಳಿ, ಮಿಂಚು, ಏರುವ ನೀರು

ತುಂಗಭದ್ರಾ ಜಲಾಶಯ ತುಂಬಿದಾಗ ಅದರ ವಿಸ್ತಾರ ಸುಮಾರು 378 ಚದರ ಕಿಲೋಮೀಟರ್. ಇಂಥ ಬಯಲು ನೀರಿನ ಮೇಲೆ ಗಾಳಿಗೆ ಅಡ್ಡಿಯಿಲ್ಲದ ಕಾರಣ ಅಲೆಗಳು ಬೇಗ ಏಳುತ್ತವೆ. ಹೊರಡುವಾಗ ಗಾಳಿಗೆ ಎದುರಾಗಿ ಹೋದರೆ ದಣಿದು ಹಿಂತಿರುಗುವಾಗ ಗಾಳಿಯೇ ದಡಕ್ಕೆ ತರುತ್ತದೆ. ಗಾಳಿಯ ಬೆನ್ನಿಗೆ ಬಿದ್ದು ದೂರ ಹೋದವರು ಹಿಂತಿರುಗಲಾರದೆ ಕಷ್ಟಕ್ಕೆ ಸಿಕ್ಕುತ್ತಾರೆ. ಹೊಸಬರು ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿಯೇ ಇರಬೇಕು.

ಏಪ್ರಿಲ್-ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗುಮಳೆ ಬರುವುದುಂಟು. ಬಯಲು ನೀರಿನಲ್ಲಿ ಎತ್ತರದ ವಸ್ತುವೆಂದರೆ ಹರಿಗೋಲಿನಲ್ಲಿ ಕೂತ ಮನುಷ್ಯನೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತಿರದಲ್ಲಿದೆ ಎಂದು ತಿಳಿದು ಕೂಡಲೇ ದಡ ಸೇರಬೇಕು. ಮೊಬೈಲಿನಲ್ಲಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಎಂಬ ಸೌಲಭ್ಯವೂ ಇದೆ.

ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಅಪಾಯ ಬೇರೆ ಬಗೆಯದು. ಮಳೆ ಬೀಳದ ದಿನವೂ ಗೇಟು ತೆರೆದರೆ ನೀರು ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಯಾವ ಮುನ್ಸೂಚನೆಯೂ ಇಲ್ಲದೆ ಹೊಳೆಗೆ ನೀರು ನುಗ್ಗಿತು. ಜಲಾಶಯ ತುಂಬಿರುವ ತಿಂಗಳುಗಳಲ್ಲಿ ಅಣೆಕಟ್ಟಿನ ಕೆಳಗೆ ಹರಿಗೋಲು ಇಳಿಸದಿರುವುದೇ ಕ್ಷೇಮ. ಕೃಷ್ಣಾ, ತುಂಗಭದ್ರಾ, ಕಾಳಿ, ಕಬಿನಿ ನದಿಗಳಲ್ಲಿ ಮೊಸಳೆಗಳಿವೆ. ಅವು ಬಿಸಿಲು ಕಾಯುವ ದಿಬ್ಬಗಳನ್ನು ಸ್ಥಳೀಯರಿಂದ ತಿಳಿದು ದೂರವಿರಬೇಕು.

ಹರಿಗೋಲು ಮುಳುಗಿದರೆ ಅದನ್ನು ಬಿಟ್ಟು ದಡದತ್ತ ಈಜಬಾರದು. ನೀರು ತುಂಬಿದರೂ ಬಿದಿರಿನ ಹರಿಗೋಲು ತೇಲುತ್ತದೆ. ಅಂಚು ಹಿಡಿದುಕೊಂಡು ಸೀಟಿ ಊದುತ್ತಿರಬೇಕು. ಆದರೆ ಸೀಟಿ ಕೇಳಲು ಯಾರಾದರೂ ಇರಬೇಕಷ್ಟೆ! ಇದಕ್ಕಾಗಿಯೇ ಎರಡು ಹರಿಗೋಲುಗಳು ಜೊತೆಯಾಗಿ ಹೋಗುವುದು, ಹೊರಡುವ ಮುನ್ನ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳುವುದು ಕಡ್ಡಾಯವಾಗಬೇಕು. ಕುಡಿದು ನೀರಿಗಿಳಿಯುವುದು ಸಾವನ್ನು ಕರೆದಂತೆ.

ಮೀನು ಕೆಡದಂತೆ

ಬಿಸಿಲಿನಲ್ಲಿ ಮೀನು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಬಲೆಯನ್ನು ನಸುಕಿನಲ್ಲಿ ಎತ್ತಿ, ಮೀನನ್ನು ಒದ್ದೆ ಗೋಣಿಯಡಿ ನೆರಳಿನಲ್ಲಿಡಬೇಕು. ದಡ ಸೇರಿದ ಕೂಡಲೇ ಶುದ್ಧ ನೀರಿನಲ್ಲಿ ತೊಳೆದು, ಮೀನಿನ ತೂಕದಷ್ಟೇ ಪುಡಿ ಮಂಜುಗಡ್ಡೆಯನ್ನು ಒಂದು ಪದರ ಮಂಜು, ಒಂದು ಪದರ ಮೀನು ಎಂಬಂತೆ ತುಂಬಬೇಕು. ಹತ್ತು ಜನ ಕೂಡಿ ಮಂಜುಗಡ್ಡೆ ತರಿಸಿದರೆ ಸಾಗಾಣಿಕೆಯ ಖರ್ಚು ಹತ್ತು ಪಾಲಾಗುತ್ತದೆ. ವ್ಯಾಪಾರಿಯ ಗಾಡಿಯೂ ದಡಕ್ಕೇ ಬರುತ್ತದೆ.

ಹವ್ಯಾಸಿ ಗಾಳಗಾರರ ಮೇಲ್ಪಂಕ್ತಿ

ಮಾರಾಟಕ್ಕಲ್ಲದೆ ಹವ್ಯಾಸಕ್ಕಾಗಿ ಗಾಳ ಹಾಕುವವರೂ ಇದ್ದಾರೆ. ಇವರ ಆಕರ್ಷಣೆ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಿಂದ ಹಿಡಿದಿದ್ದರು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘದ ಗಾಳಗಾರರು ಕಾವೇರಿಯ ಒಂದು ಭಾಗದಲ್ಲಿ, ಹಿಡಿದ ಮಹಶೀರನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಬೆಳೆಸಿದರು. ಹಿಂದೆ ಸಿಡಿಮದ್ದಿನಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ಹರಿಗೋಲು ನಡೆಸುವ ಮಾರ್ಗದರ್ಶಿಗಳಾಗಿ, ಹೊಳೆಯ ಕಾವಲುಗಾರರಾದರು. ಮುಂದೆ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತಿತು. ಆದರೂ ಒಗ್ಗಟ್ಟಾದ ಗಾಳಗಾರರು ಹೊಳೆಯನ್ನು ಕಾಯಬಲ್ಲರೆಂಬುದನ್ನು ಆ ವರ್ಷಗಳು ತೋರಿಸಿಕೊಟ್ಟವು. ರೈತರ ಬಲೆಗೆ ಎಲ್ಲಿಯಾದರೂ ಮಹಶೀರ್ ಜೀವಂತ ಸಿಕ್ಕರೆ, ಒದ್ದೆ ಕೈಯಿಂದ ಬಿಡಿಸಿ ನೀರಿಗೆ ಬಿಡುವುದು ಉಚಿತ.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದುದು

ಹಿನ್ನೀರಿನ ಹಳ್ಳಿಗಳಲ್ಲಿ ರೈತರ ಸಭೆ ಕರೆಯುವಾಗ ಮೀನುಗಾರರ ಸಂಘದ ಹಿರಿಯರನ್ನೂ ಆಹ್ವಾನಿಸಿ, ಹುಟ್ಟು ಹಾಕುವುದನ್ನೂ ಬಲೆ ಬಿಡುವುದನ್ನೂ ಅವರಿಂದಲೇ ಪ್ರಾತ್ಯಕ್ಷಿಕೆ ಮಾಡಿಸಬೇಕು. ಪಾಠ ಹೇಳುವವನು ಮೀನುಗಾರ, ಕೇಳುವವನು ರೈತ ಎಂದಾದಾಗ ಇಬ್ಬರ ನಡುವಣ ಸಂಶಯ ಅರ್ಧ ಕರಗುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಈ ವಿಷಯದ ಶಿಕ್ಷಣದಲ್ಲಿ ತೊಡಗಿದೆ; ಅಲ್ಲಿನ ತಜ್ಞರ ಸಲಹೆ ಪಡೆಯಬಹುದು. 2018-19ರಲ್ಲಿ ಕೇಂದ್ರ ಸರ್ಕಾರ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ, ನೋಂದಾಯಿತ ಮೀನುಗಾರ ಅಪಘಾತದಲ್ಲಿ ಮರಣ ಹೊಂದಿದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ವಿಮಾ ಪರಿಹಾರ ಗೊತ್ತುಪಡಿಸಲಾಯಿತು. ಹೆಸರು ನೋಂದಾಯಿಸದವರ ಕುಟುಂಬಕ್ಕೆ ಈ ಪರಿಹಾರ ದೊರೆಯದು. ಆದುದರಿಂದ ಈಗ ಜಾರಿಯಲ್ಲಿರುವ ವಿಮೆಯ ವಿವರಗಳನ್ನು ಕಚೇರಿಯಿಂದ ಪಡೆದು, ನೀರಿಗಿಳಿಯುವ ಪ್ರತಿಯೊಬ್ಬರ ಹೆಸರೂ ಅದರಲ್ಲಿ ಸೇರುವಂತೆ ಕಾರ್ಯಕರ್ತರು ನೋಡಿಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೊದಲು ಜೊತೆಗಾರ ಮತ್ತು ಸಂಘ, ಆಮೇಲೆ ಪರವಾನಗಿ, ಕೊನೆಗೆ ಹರಿಗೋಲು.
2. ಜಾಕೆಟ್ ಇಲ್ಲದೆ, ಜೊತೆಯಿಲ್ಲದೆ ನೀರಿಗೆ ಇಳಿಯಬಾರದು.
3. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿಯೊಡನೆ.
4. ನಿಗದಿಯಾದ ಅಳತೆಗಿಂತ ಸಣ್ಣ ಕಣ್ಣಿನ ಬಲೆ ಬೇಡ. ಮಳೆಗಾಲದ ನಿಷೇಧವನ್ನು ಪಾಲಿಸಬೇಕು.
5. ಪಾಲು ಮತ್ತು ಲೆಕ್ಕ ಮೊದಲೇ ಮಾತಾಡಿಕೊಂಡಿರಬೇಕು.
6. ಹಳೆಯ ಮೀನುಗಾರರ ಜಾಗ ಮತ್ತು ಪದ್ಧತಿಗಳನ್ನು ಗೌರವಿಸಬೇಕು.

ಈ ಕ್ರಮದಲ್ಲಿ ನಡೆದರೆ ಹಿನ್ನೀರಿನ ರೈತನಿಗೆ ಬಿಡುವಿನ ತಿಂಗಳುಗಳಲ್ಲಿ ಒಂದು ಆದಾಯ ಒದಗುತ್ತದೆ, ಮೀನುಗಾರ ಕುಟುಂಬಗಳಿಗೆ ಪ್ರತಿಸ್ಪರ್ಧಿಯ ಬದಲು ಒಬ್ಬ ಪಾಲುಗಾರ ದೊರೆಯುತ್ತಾನೆ, ಮುಂದಿನ ಮಳೆಗಾಲಕ್ಕೆ ಜಲಾಶಯದಲ್ಲಿ ಮೀನೂ ಉಳಿಯುತ್ತದೆ.